ಡ್ರಮ್ಸ್ ಸಾಫ್ಟ್‌ವೇರ್ ಕೊಳ್ಳುವ ಮುನ್ನ
ಡ್ರಮ್ಸ್ ಸಾಫ್ಟ್‌ವೇರ್ ಕೊಳ್ಳುವವರು ಮೊದಲು ಕೇಳುವುದೇ ಎಷ್ಟು ಜಿಬಿ ಎಂದು. ಆ ಲೆಕ್ಕದಲ್ಲಿ ಟೂನ್‌ಟ್ರ್ಯಾಕ್‌ನ ಸುಪೀರಿಯರ್ ಡ್ರಮ್ಮರ್ 3 ದೈತ್ಯನೇ ಸರಿ: ಬೆಲ್ಜಿಯಂನ ಗ್ಯಾಲಕ್ಸಿ ಸ್ಟುಡಿಯೋದಲ್ಲಿ ಜಾರ್ಜ್ ಮ್ಯಾಸೆನ್‌ಬರ್ಗ್ ಧ್ವನಿಮುದ್ರಿಸಿದ, 230 ಜಿಬಿಯಷ್ಟು ಸಂಗ್ರಹ. ಇದರಲ್ಲಿ ಸ್ನೇರ್‌ನ ಏಟು ಅಕ್ಕಪಕ್ಕದ ಮೈಕುಗಳಿಗೂ ಸೋರುತ್ತದೆ. ನಿಜವಾದ ಕೋಣೆಯಲ್ಲಿ ಆಗುವುದೂ ಅದೇ. ಎಕ್ಸ್‌ಎಲ್‌ಎನ್‌ನ ಅಡಿಕ್ಟಿವ್ ಡ್ರಮ್ಸ್ 2 ಹಗುರ, ಹಾಡಿಗೆ ಬೇಗ ಒಗ್ಗುತ್ತದೆ. ನನ್ನ ಮಟ್ಟಿಗೆ ಪರೀಕ್ಷೆ ಬೇರೆಯೇ: ವೆಲಾಸಿಟಿಯನ್ನು, ಅಂದರೆ ಏಟಿನ ಬಲವನ್ನು, 30ರ ಆಸುಪಾಸಿನಲ್ಲಿಟ್ಟು ಸ್ನೇರ್ ಮೇಲೆ ಮೆಲ್ಲನೆಯ ಏಟುಗಳನ್ನು ಸತತವಾಗಿ ಬಾರಿಸಿ ಕೇಳಿ. ಒಂದೊಂದು ಏಟಿನಲ್ಲೂ ಕೋಲು ತುಸು ಬೇರೆ ಜಾಗಕ್ಕೆ ಬಿದ್ದಂತೆ ಅನಿಸಬೇಕು. ಎಲ್ಲವನ್ನೂ ಗರಿಷ್ಠವಾದ 127ಕ್ಕೆ ಎಳೆದಿಟ್ಟರೆ ಎಂಥ ಸಂಗ್ರಹವೂ ಯಂತ್ರದಂತೆಯೇ ಕೇಳುತ್ತದೆ. ಮೊದಲ ಸಲ ಕೊಳ್ಳುವವರು ಹಗುರವಾದುದನ್ನೇ ಕೊಳ್ಳಿ; ಮಿಕ್ಕ ಹಣಕ್ಕೆ ಒಳ್ಳೆಯ ಹೆಡ್‌ಫೋನ್ ತನ್ನಿ.