ಬೊಕ್ಕತಲೆಯೂ ತೈಲದ ಮೋಹವೂ

ಧಾರವಾಡದ ನಮ್ಮ ತರಗತಿಯಲ್ಲಿ ಬೇಸಗೆಯಲ್ಲಿಯೂ ಟೊಪ್ಪಿಗೆ ತೆಗೆಯದ ವಿದ್ಯಾರ್ಥಿಯೊಬ್ಬನಿದ್ದನು. ಇಪ್ಪತ್ತರ ಹರೆಯದಲ್ಲಿಯೇ ಅವನ ನೆತ್ತಿ ಬರಿದಾಗತೊಡಗಿತ್ತು. ಊಟದ ಖರ್ಚಿಗೆಂದು ಮನೆಯಿಂದ ಬಂದ ಹಣವನ್ನು ಅವನು ಕೇಶತೈಲಗಳಿಗೆ ಸುರಿದನೆಂದು ತಿಳಿದಾಗ ನಮಗೆ ವ್ಯಥೆಯಾಯಿತು. ಈ ಮಾತುಗಳನ್ನು ಬರೆಯಲು ಅದೇ ಕಾರಣ.

ಮೊದಲು ಒಂದು ಸಣ್ಣ ಲೆಕ್ಕ. ತಲೆಯಲ್ಲಿ ಸುಮಾರು 1,00,000 ಕೂದಲುಗಳಿರುತ್ತವೆ. ಒಂದೊಂದರ ಆಯುಷ್ಯ 1,000 ದಿನವೆಂದು ಹಿಡಿದರೆ ದಿನಕ್ಕೆ 100 ಕೂದಲು ಉದುರಲೇಬೇಕು. ಬಾಚಣಿಗೆಯನ್ನು ಕಂಡು ಎದೆಗುಂದಬೇಕಾಗಿಲ್ಲ. ಆನುವಂಶಿಕ ಬೊಕ್ಕತಲೆಯಲ್ಲಿ ನಡೆಯುವುದೇ ಬೇರೆ. ಡೈಹೈಡ್ರೊಟೆಸ್ಟೊಸ್ಟೆರೋನ್ ಎಂಬ ಹಾರ್ಮೋನಿನ ಪ್ರಭಾವದಿಂದ ರೋಮಕೂಪಗಳು ಕಿರಿದಾಗುತ್ತವೆ. ಪ್ರತಿಸಲವೂ ಹುಟ್ಟುವ ಕೂದಲು ಹಿಂದಿನದಕ್ಕಿಂತ ತೆಳುವು, ಅಲ್ಪಾಯು. ಪ್ರಾಯಕ್ಕೆ ಬರುವ ಮುನ್ನವೇ ವೃಷಣಗಳನ್ನು ಕಳೆದುಕೊಂಡವರಿಗೆ ಬೊಕ್ಕತಲೆ ಬಾರದೆಂದು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ತೋರಿಸಿದರು. ಪುರುಷ ಹಾರ್ಮೋನು ಕೊಟ್ಟಾಗ, ವಂಶದಲ್ಲಿ ಆ ಗುಣವಿದ್ದವರಲ್ಲಿ ಅದು ಕಾಣಿಸಿಕೊಂಡಿತು. ವಂಶವೂ ಬೇಕು, ಹಾರ್ಮೋನೂ ಬೇಕು. ಈ ಗುಣ ತಾಯಿಯ ಕಡೆಯಿಂದಲೇ ಬರುವುದೆಂಬುದು ಅರ್ಧಸತ್ಯ. ಒಂದು ಮುಖ್ಯ ಜೀನು ತಾಯಿಯಿಂದ ಬರುವ ಎಕ್ಸ್ ವರ್ಣತಂತುವಿನಲ್ಲಿದೆ. ಉಳಿದ ಅನೇಕ ಜೀನುಗಳು ತಂದೆತಾಯಿ ಇಬ್ಬರಿಂದಲೂ ಬರುತ್ತವೆ. ಹೀಗಿರಲು ಮಲಪ್ರಭೆಯ ನೀರನ್ನೋ ಹೆಲ್ಮೆಟ್ಟನ್ನೋ ದೂರುವುದು ವ್ಯರ್ಥ.

ಹುಣಸೂರು ತಾಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ಕೇಶತೈಲ ಇಂದು ದೂರದೂರಕ್ಕೆ ಹೆಸರಾಗಿದೆ. ಅವರ ದುಡಿಮೆಯನ್ನು ನಾವು ಹಳಿಯುವವರಲ್ಲ. ಆದರೆ ಅವರ ಎಣ್ಣೆಯಿರಲಿ, ದೊಡ್ಡ ಕಾರಖಾನೆಯ ಎಣ್ಣೆಯಿರಲಿ, ಕೇಳಬೇಕಾದ ಪ್ರಶ್ನೆ ಒಂದೇ: ಹಚ್ಚಿದವರನ್ನು ಹಚ್ಚದವರೊಡನೆ ಹೋಲಿಸಿ ನೋಡಿದ್ದುಂಟೆ? ಹೋಲಿಕೆಯಿಲ್ಲದ ಪ್ರಯೋಗ ಪ್ರಯೋಗವೇ ಅಲ್ಲ. ಬೊಕ್ಕತಲೆಯನ್ನು ಗುಣಪಡಿಸುವೆನೆಂದು ಯಾವ ಔಷಧವೂ ಹೇಳಿಕೊಳ್ಳಕೂಡದೆಂದು ನಮ್ಮ ದೇಶದ 1945ರ ಔಷಧ ನಿಯಮಗಳ 'ಜೆ' ಅನುಸೂಚಿ ವಿಧಿಸಿದೆ.

ಅಂಥ ಹೋಲಿಕೆಯಲ್ಲಿ ಗೆದ್ದ ಮದ್ದುಗಳೂ ಉಂಟು. ರಕ್ತದೊತ್ತಡದ ಮಾತ್ರೆಯಾಗಿದ್ದ ಮಿನಾಕ್ಸಿಡಿಲ್ 1988ರಲ್ಲಿ ಅಮೆರಿಕದಲ್ಲಿ ತಲೆಯ ಲೇಪನವಾಗಿ ಮನ್ನಣೆ ಪಡೆಯಿತು. 1997ರಲ್ಲಿ ಬಂದ ಫಿನಾಸ್ಟೆರೈಡ್ ಆ ಹಾರ್ಮೋನಿನ ಉತ್ಪತ್ತಿಯನ್ನೇ ತಗ್ಗಿಸುತ್ತದೆ. ಕೆಲವರಲ್ಲಿ ಲೈಂಗಿಕ ಅಡ್ಡಪರಿಣಾಮಗಳುಂಟಾಗುವುದರಿಂದ ವೈದ್ಯರ ಸಲಹೆಯಿಲ್ಲದೆ ಅದು ಸಲ್ಲದು. ಇವೂ ಮಾಯಾಮಂತ್ರಗಳಲ್ಲ: ಉಪಯೋಗ ನಿಲ್ಲಿಸಿದರೆ ಫಲವೂ ನಿಲ್ಲುತ್ತದೆ. ಬೇಗನೆ ಆರಂಭಿಸಿದವರಿಗೆ ಲಾಭ ಹೆಚ್ಚು.

ಹುಬ್ಬಳ್ಳಿಯಲ್ಲಿ 1957ರಿಂದಲೂ ಸರಕಾರಿ ವೈದ್ಯಕೀಯ ಕಾಲೇಜಿದೆ. ಅದರ ಚರ್ಮರೋಗ ವಿಭಾಗಕ್ಕೆ ಹೋಗಿ ಕೇಳಲು ನಾಚಿಕೆಯೇಕೆ? ಚಿಕಿತ್ಸೆ ಬೇಡವೆನ್ನುವವನೂ ತಪ್ಪಿತಸ್ಥನಲ್ಲ. ಬೊಕ್ಕತಲೆಯಿಂದ ಪ್ರಾಣಕ್ಕೆ ಅಪಾಯವಿಲ್ಲ. ಕೂದಲು ಉಳಿಯಬಹುದು, ಹೋಗಬಹುದು. ಆದರೆ ಅದನ್ನು ಕಂಡು ನಗುವ ನಮ್ಮ ತರಗತಿಗಳ ಚಾಳಿ ಮಾತ್ರ ಹೋಗಲೇಬೇಕು. ಆ ಹುಡುಗನ ಟೊಪ್ಪಿಗೆಯನ್ನು ತೆಗೆಸಬಲ್ಲ ಮದ್ದು ಅದೊಂದೇ.