ಫ್ರೆಂಚ್ ಸಮಾಜಶಾಸ್ತ್ರದಲ್ಲಿ ಸಮಷ್ಟಿದೃಷ್ಟಿ

ಅವಯವಗಳಿಗಿಂತ ಅವಯವಿಯು ಬೇರೆಯೋ ಅಲ್ಲವೋ ಎಂಬುದು ನಮ್ಮ ತರ್ಕಶಾಸ್ತ್ರದ ಹಳೆಯ ವಿವಾದ. ನೂಲಿನ ರಾಶಿಯೇ ಬಟ್ಟೆಯಲ್ಲ; ಬಟ್ಟೆಯು ನೂಲುಗಳಲ್ಲಿ ನೆಲೆಸಿಯೂ ಅವುಗಳಿಂದ ಭಿನ್ನವಾದ ವಸ್ತುವೆಂದು ನೈಯಾಯಿಕರು ಸಾಧಿಸಿದರು; ಬೌದ್ಧರು ಒಪ್ಪಲಿಲ್ಲ. ಇಂಥದೇ ಪ್ರಶ್ನೆಯನ್ನು ಮನುಷ್ಯಸಮಾಜದ ವಿಷಯದಲ್ಲಿ ಎತ್ತಿ, ಅದರ ಸುತ್ತ ಒಂದು ಶಾಸ್ತ್ರವನ್ನೇ ಕಟ್ಟಿದವರು ಫ್ರಾನ್ಸಿನ ವಿದ್ವಾಂಸರು. ಸಮಷ್ಟಿಯನ್ನು ಎತ್ತಿಹಿಡಿಯುವ ಮತವು ವ್ಯಷ್ಟಿಯನ್ನು ನುಂಗಿಬಿಡುತ್ತದೆಂಬ ಆಕ್ಷೇಪ ಆಗಾಗ ಕೇಳಿಬರುವುದುಂಟು. ಆ ಪರಂಪರೆಯನ್ನು ಸಾವಧಾನವಾಗಿ ಪರಿಶೀಲಿಸಿದರೆ ಈ ಆಕ್ಷೇಪ ನಿಲ್ಲದೆಂಬುದು ನನ್ನ ಅಭಿಪ್ರಾಯ.

1839ರಲ್ಲಿ ಈ ಶಾಸ್ತ್ರಕ್ಕೆ 'ಸೋಸಿಯಾಲಜಿ' ಎಂಬ ನಾಮಕರಣ ಮಾಡಿದ ಆಗಸ್ಟ್ ಕಾಮ್ಟನು ಸಮಾಜದ ಮೂಲಘಟಕ ವ್ಯಕ್ತಿಯಲ್ಲ, ಕುಟುಂಬವೆಂದನು. ಅನಂತರ ಬಂದ ಎಮಿಲ್ ಡರ್ಖೈಮನು (1858–1917) ಕಂಚಿನ ದೃಷ್ಟಾಂತವನ್ನು ಕೊಟ್ಟನು. ತಾಮ್ರ, ತವರ, ಸೀಸ ಇವು ಮೃದುಲೋಹಗಳು. ಕೂಡಿದಾಗ ಹುಟ್ಟುವ ಗಡಸುತನ ಅವುಗಳಲ್ಲಿ ಯಾವೊಂದರದೂ ಅಲ್ಲ. ಹಾಗೆಯೇ ಸಮಾಜದ ಗುಣವೂ. ಆತ್ಮಹತ್ಯೆಯು ಒಬ್ಬೊಬ್ಬರ ಅಂತರಂಗದ ದುಃಖವೆಂದು ತೋರುತ್ತದೆಯಷ್ಟೆ. ಆದರೆ ಒಂದೊಂದು ದೇಶದಲ್ಲಿ ಅದರ ಪ್ರಮಾಣ ವರ್ಷದಿಂದ ವರ್ಷಕ್ಕೆ ಹೆಚ್ಚಾಗಿ ಬದಲಾಗುವುದಿಲ್ಲ. ಅದು ಕ್ಯಾಥೊಲಿಕರಿಗಿಂತ ಪ್ರೊಟೆಸ್ಟೆಂಟರಲ್ಲಿ, ವಿವಾಹಿತರಿಗಿಂತ ಅವಿವಾಹಿತರಲ್ಲಿ ಅಧಿಕವೆಂದು 1897ರ ತನ್ನ ಗ್ರಂಥದಲ್ಲಿ ಆತನು ಅಂಕಿಅಂಶಗಳಿಂದ ತೋರಿಸಿದನು. ಬಾಂಧವ್ಯದ ಕಟ್ಟು ಸಡಿಲಿದೆಡೆ ಜೀವದ ಹಿಡಿತವೂ ಸಡಿಲುತ್ತದೆಂಬುದು ಆತನ ಸಿದ್ಧಾಂತ. ಇಲ್ಲಿ ಸಮಷ್ಟಿಯ ವಿಚಾರವೇ ವ್ಯಷ್ಟಿಯ ಪ್ರಾಣರಕ್ಷಣೆಯ ವಿಚಾರವೂ ಆಯಿತು.

ಮರುವರ್ಷವೇ ಈ ಮತಕ್ಕೆ ಅಗ್ನಿಪರೀಕ್ಷೆ ಒದಗಿತು. ಯೆಹೂದ್ಯ ಸೇನಾಧಿಕಾರಿ ಡ್ರೇಫಸನಿಗೆ 1894ರಲ್ಲಿ ದೇಶದ್ರೋಹದ ಸುಳ್ಳು ಆರೋಪದ ಮೇಲೆ ಶಿಕ್ಷೆಯಾಗಿತ್ತು. ಸೇನೆಯ ಗೌರವಕ್ಕಾಗಿ, ರಾಷ್ಟ್ರದ ಒಗ್ಗಟ್ಟಿಗಾಗಿ ಒಬ್ಬನ ಅಳಲನ್ನು ಬದಿಗಿಡಬೇಕೆಂದು ಹಲವರು ವಾದಿಸಿದರು. ಸಮಷ್ಟಿವಾದಿಯಾದ ಡರ್ಖೈಮನು ಅವರ ಪಕ್ಷ ಸೇರಲಿಲ್ಲ. ಆಧುನಿಕ ಸಮಾಜವನ್ನು ಕೂಡಿಸಿ ಹಿಡಿದಿರುವ ಶ್ರದ್ಧೆಯೇ ಮಾನವವ್ಯಕ್ತಿಯ ಪಾವಿತ್ರ್ಯ. ಒಬ್ಬನಿಗೆ ಅನ್ಯಾಯ ಬಗೆದರೆ ಸಮಾಜವೇ ತನ್ನ ಬುಡವನ್ನು ಕಡಿದುಕೊಂಡಂತೆ ಎಂಬುದು 1898ರ ಲೇಖನದಲ್ಲಿ ಆತನು ಕೊಟ್ಟ ಉತ್ತರ. ಡ್ರೇಫಸನು ನಿರ್ದೋಷಿಯೆಂದು 1906ರಲ್ಲಿ ತೀರ್ಪಾಯಿತು.

ಆದರೂ ಸಮಾಜವು ಜನರ ತಲೆಯ ಮೇಲೆ ನಿಂತ ಬೇರೊಂದು ಮಹಾಪುರುಷನೋ ಎಂಬಂತೆ ಡರ್ಖೈಮನು ಕೆಲವೆಡೆ ಬರೆದಿರುವುದು ನಿಜ. ಈ ಕೊರತೆಯನ್ನು ತುಂಬಿದವನು ಆತನ ಸೋದರಳಿಯ ಮಾರ್ಸೆಲ್ ಮೋಸ್. ಈತನು ಸಂಸ್ಕೃತವನ್ನೂ ಅಭ್ಯಸಿಸಿದ್ದನು. 1925ರಲ್ಲಿ ಪ್ರಕಟವಾದ ದಾನವಿಷಯಕ ಪ್ರಬಂಧದಲ್ಲಿ ಪೆಸಿಫಿಕ್ ದ್ವೀಪವಾಸಿಗಳು, ಅಮೆರಿಕದ ವಾಯವ್ಯ ತೀರದ ಮೂಲನಿವಾಸಿಗಳು, ರೋಮನರು ಇವರೊಡನೆ ಮಹಾಭಾರತದ ಅನುಶಾಸನಪರ್ವದ ದಾನಧರ್ಮವನ್ನೂ ವಿವೇಚಿಸಿದನು. ಕೊಡುವುದು, ಕೊಳ್ಳುವುದು, ಮರಳಿ ಕೊಡುವುದು ಈ ಮೂರೂ ಕರ್ತವ್ಯಗಳು; ಒಂದು ದಾನದಲ್ಲೇ ಧರ್ಮ, ನ್ಯಾಯ, ಅರ್ಥ, ನೀತಿಗಳೆಲ್ಲ ಒಟ್ಟಿಗೆ ಅಡಗಿವೆ. ಇದನ್ನೇ ಆತನು 'ಸಮಗ್ರ ಸಾಮಾಜಿಕ ಸಂಗತಿ' ಎಂದು ಕರೆದನು. ಸಮಷ್ಟಿಯನ್ನು ಆಕಾಶದಲ್ಲಿ ಅರಸದೆ ಇಬ್ಬರ ಕೊಡುಕೊಳ್ಳುವಿಕೆಯಲ್ಲೇ ಕಂಡದ್ದು ಈತನ ಹಿರಿಮೆ.

ಮರಳಿಸಲಾಗದ ದಾನವು ಪಡೆದವನನ್ನು ಕುಗ್ಗಿಸುತ್ತದೆಂಬುದನ್ನೂ ಮೋಸ್ ಮರೆಯಲಿಲ್ಲ. ದುಡಿಮೆಗಾರನು ಸಮಾಜಕ್ಕೆ ತನ್ನ ಆಯುಷ್ಯವನ್ನೇ ಕೊಟ್ಟಿರುತ್ತಾನೆ. ಕೂಲಿಯಿಂದ ಮಾತ್ರ ಆ ಋಣ ತೀರದು. ರೋಗ, ಮುಪ್ಪು, ನಿರುದ್ಯೋಗಗಳಲ್ಲಿ ಅವನಿಗೆ ಸಲ್ಲುವ ವಿಮೆಯು ಭಿಕ್ಷೆಯಲ್ಲ, ಹಕ್ಕು ಎಂದನು. ದಾನಿಗಳೂ ಅಧ್ಯಾಪಕರೂ ಮನನ ಮಾಡತಕ್ಕ ಮಾತಿದು. ಬಡವನ ಮಗನಿಗೆ ಓದಿಸಿದಾಗ ನಾವು ಉಪಕಾರ ಮಾಡಿದೆವೆಂದು ಬೀಗುವುದಕ್ಕಿಂತ, ಅವನ ತಾಯ್ತಂದೆಯರ ಬೆವರಿಗೆ ಸಲ್ಲಬೇಕಾದುದರಲ್ಲಿ ಸ್ವಲ್ಪವನ್ನು ಸಲ್ಲಿಸಿದೆವೆಂದು ತಿಳಿಯುವುದು ಯುಕ್ತ.