ಐವತ್ತರ ಮಂಡಿನೋವೆಲ್ಲ ಸಂಧಿವಾತವಲ್ಲ
ಮೈಸೂರು: ಐವತ್ತು ದಾಟಿದವರು ಮಂಡಿನೋವೆಂದರೆ ಮನೆಮಂದಿ ‘ವಯಸ್ಸಾಯಿತು’ ಎನ್ನುತ್ತಾರೆ. ಔಷಧ ಅಂಗಡಿಯಲ್ಲಿ ನೋವಿನ ಮಾತ್ರೆ ಸಿಗುತ್ತದೆ. ಎಣ್ಣೆ ನೀವಿ ಪಟ್ಟು ಕಟ್ಟುವವರೂ ಇದ್ದಾರೆ. ಬಹುಪಾಲು ಇದು ಸವಕಳಿಯ ನೋವೇ ಸರಿ. ಆದರೆ ವಿಶ್ರಾಂತಿಯಲ್ಲೂ ತಗ್ಗದೆ, ರಾತ್ರಿ ನಿದ್ದೆಗೆಡಿಸುತ್ತ, ವಾರದಿಂದ ವಾರಕ್ಕೆ ಏರುವ ನೋವಿನ ಹಿಂದೆ ಅಪರೂಪಕ್ಕೆ ಆಸ್ಟಿಯೋಸಾರ್ಕೋಮಾ ಎಂಬ ಉಗ್ರ ಮೂಳೆ ಕ್ಯಾನ್ಸರ್ ಅಡಗಿರುತ್ತದೆ.

ಇದು ಹದಿಹರೆಯದವರ ರೋಗವೆಂಬುದು ಅರ್ಧಸತ್ಯ. ಇಳಿವಯಸ್ಸಿನಲ್ಲಿ ಇದು ಮತ್ತೊಮ್ಮೆ ತಲೆಯೆತ್ತುತ್ತದೆ. ಹಿಂದೆ ವಿಕಿರಣ ಚಿಕಿತ್ಸೆ ಪಡೆದ ಜಾಗದಲ್ಲೂ ಕಾಣಿಸಿಕೊಳ್ಳಬಹುದು.

ಹಾಗಾದರೆ ವಯಸ್ಸಾದವರಿಗೆ ಚಿಕಿತ್ಸೆ ವ್ಯರ್ಥವೇ? ಖಂಡಿತ ಅಲ್ಲ. ಎಳೆಯರಿಗೆ ನೀಡುವ ಅಧಿಕ ಪ್ರಮಾಣದ ಮೆಥೊಟ್ರೆಕ್ಸೇಟನ್ನು ಹಿರಿಯರ ಮೂತ್ರಪಿಂಡ ತಾಳುವುದು ಕಷ್ಟ, ನಿಜ. ಆದರೆ 41ರಿಂದ 65 ವರ್ಷದವರಿಗೆ ಸಿಸ್‌ಪ್ಲಾಟಿನ್, ಡಾಕ್ಸೊರುಬಿಸಿನ್, ಐಫೊಸ್ಫಮೈಡ್ ಆಧಾರಿತ ಔಷಧೋಪಚಾರ ನೀಡಿದ ಯುರೋಪಿನ ಅಧ್ಯಯನವೊಂದರ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ರೋಗ ಹರಡುವ ಮುನ್ನ ಪತ್ತೆಯಾದವರಲ್ಲಿ ಐದು ವರ್ಷ ಬದುಕುಳಿಯುವ ಸಾಧ್ಯತೆ ಶೇ. 66, ಹರಡಿದ ಮೇಲೆ ಬಂದವರಲ್ಲಿ ಶೇ. 22. ಈ ಅಂತರ ತಡ ಮಾಡುವುದರ ಬೆಲೆ ಏನೆಂಬುದನ್ನು ಹೇಳುತ್ತದೆ.

ತಡದಷ್ಟೇ ಅಪಾಯಕಾರಿ ಆತುರ. ಟೊಳ್ಳಾದ ಮೂಳೆ ಮುರಿದಾಗ ಸಾಮಾನ್ಯ ಮುರಿತವೆಂದೇ ಭಾವಿಸಿ ಒಳಗೆ ಸರಳು ತೂರಿಸಿದರೆ ಗಡ್ಡೆಯ ಕಣಗಳು ಮಜ್ಜೆಯುದ್ದಕ್ಕೂ ಹರಡುತ್ತವೆ. ಉಳಿಸಬಹುದಾಗಿದ್ದ ಕಾಲನ್ನೇ ಕತ್ತರಿಸಬೇಕಾಗಬಹುದು. ಆದ್ದರಿಂದ ಮೊದಲು ಎಕ್ಸ್‌ರೇ, ಸಂಶಯವಿದ್ದರೆ ಎಂಆರ್‌ಐ. ಬಯಾಪ್ಸಿಯನ್ನು ಮುಂದೆ ಶಸ್ತ್ರಚಿಕಿತ್ಸೆ ಮಾಡುವ ತಂಡವೇ ಮಾಡಬೇಕು. ಇದು ಸರ್ವಮಾನ್ಯ ನಿಯಮ.

ಮೈಸೂರಿನ ಹೊಣೆ ಇಲ್ಲಿಯೇ ಆರಂಭವಾಗುತ್ತದೆ. ಚಾಮರಾಜನಗರ, ಮಂಡ್ಯ, ಕೊಡಗಿನ ರೋಗಿಗಳು ಮೊದಲು ಎಡತಾಕುವುದು ಈ ನಗರದ ಕೆ.ಆರ್. ಆಸ್ಪತ್ರೆಯನ್ನು, ಖಾಸಗಿ ಆಸ್ಪತ್ರೆಗಳನ್ನು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಇಲ್ಲಿಂದ ಸುಮಾರು 140 ಕಿ.ಮೀ. ದೂರ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸೆಯ ಭರವಸೆ ನೀಡಿದೆ. ಆದರೆ ತಿಂಗಳುಗಟ್ಟಲೆ ಕೈತಪ್ಪುವ ಕೂಲಿಯನ್ನು ತುಂಬಿಕೊಡುವವರು ಯಾರು? ಮನೆಯ ದುಡಿಯುವ ಕೈಯೇ ಹಾಸಿಗೆ ಹಿಡಿದಾಗ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಎಷ್ಟೋ ಮಂದಿ ಅರ್ಧಕ್ಕೇ ಚಿಕಿತ್ಸೆ ಕೈಬಿಟ್ಟರೆ ಅಚ್ಚರಿಯಿಲ್ಲ.

ಹೊಸ ಕಟ್ಟಡಗಳು ಬೇಕು, ನಿಜ. ಅದಕ್ಕೂ ಮೊದಲು ಬೇಕಾದದ್ದು, ಮಾತ್ರೆಗೆ ಬಗ್ಗದ ನೋವಿಗೆ ‘ವಯಸ್ಸಾಯಿತು’ ಎನ್ನುವ ಬದಲು ಒಂದು ಎಕ್ಸ್‌ರೇ ಚೀಟಿ ಬರೆಯುವ ವಿವೇಕ. ಅದಕ್ಕೆ ಸರಕಾರದ ಆದೇಶ ಬೇಕಿಲ್ಲ.